ಜೋಳವಾಳಿಯೋ ವೇಳೆವಾಳಿಯೋ: ಲೂಯಿಸ್ ಫಿಗೊ ಮತ್ತು ನಿಷ್ಠೆಯ ಪ್ರಶ್ನೆ

ಪೋರ್ಚುಗಲ್ಲಿನ ಲೂಯಿಸ್ ಫಿಗೊ (ಜನನ 1972) ಮೈದಾನದ ಅಂಚುಗೆರೆಯುದ್ದಕ್ಕೂ ಚೆಂಡು ಒಯ್ದು ಗೋಲಿನ ಮುಂದಕ್ಕೆ ಹಾಕುತ್ತಿದ್ದ ವಿಂಗರ್. 1989ರಿಂದ 2009ರವರೆಗೆ ಲಿಸ್ಬನ್ನಿನ ಸ್ಪೋರ್ಟಿಂಗ್, ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಮತ್ತು ಮಿಲಾನಿನ ಇಂಟರ್ ಪರ ಆಡಿದರು. ಇವುಗಳಲ್ಲಿ ಎರಡನೆಯ ಕ್ಲಬ್ಬು ಬಿಟ್ಟು ಮೂರನೆಯದಕ್ಕೆ ಹೋದದ್ದು ಮಾತ್ರ ಆಟದ ಸುದ್ದಿಯಾಗಿ ಉಳಿಯಲಿಲ್ಲ. ಸಂಬಳಕ್ಕೆ ದುಡಿಯುವವನಿಂದ ನಿಷ್ಠೆಯನ್ನು ಎಷ್ಟರಮಟ್ಟಿಗೆ ಕೇಳಬಹುದು ಎಂಬ ಹಳೆಯ ಪ್ರಶ್ನೆಗೆ ಅದೊಂದು ಹೊಸ ಉದಾಹರಣೆಯಾಯಿತು.

ಈ ಪ್ರಶ್ನೆಯನ್ನು ಬಿಡಿಸಲು ಬೇಕಾದ ಎರಡು ಪದಗಳು ಕನ್ನಡದ ವೀರಗಲ್ಲುಗಳ ಕಾಲದಲ್ಲೇ ಇವೆ. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರ ಕಾದುವುದು ಜೋಳವಾಳಿ. ಒಡೆಯ ಸತ್ತರೆ ತಾನೂ ಬದುಕಿರುವುದಿಲ್ಲವೆಂದು ಭಾಷೆ ಕೊಟ್ಟು ಸೇವೆಗೆ ನಿಲ್ಲುವುದು ವೇಳೆವಾಳಿ. ಹೊಯ್ಸಳ ಇಮ್ಮಡಿ ಬಲ್ಲಾಳನೊಡನೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಕಥೆ ಹಳೇಬೀಡಿನ ಕಂಬದ ಮೇಲಿದೆ. ಮೊದಲನೆಯದು ತೀರಿಸಬಹುದಾದ ಸಾಲ, ಎರಡನೆಯದಕ್ಕೆ ಲೆಕ್ಕವೇ ಇಲ್ಲ. ನಿಷ್ಠೆಯ ಬಗೆಗಿನ ಜಗಳಗಳೆಲ್ಲ ಬಹುಮಟ್ಟಿಗೆ ಒಬ್ಬ ಜೋಳವಾಳಿ ಎಂದುಕೊಂಡದ್ದನ್ನು ಇನ್ನೊಬ್ಬ ವೇಳೆವಾಳಿ ಎಂದು ತಿಳಿದದ್ದರಿಂದಲೇ ಹುಟ್ಟುತ್ತವೆ.

ಹುಡುಗನಾಗಿದ್ದಾಗಲೇ ಸ್ಪೋರ್ಟಿಂಗ್ ಸೇರಿದ ಫಿಗೊ 1995ರಲ್ಲಿ ಅದಕ್ಕೆ ಪೋರ್ಚುಗಲ್ ಕಪ್ ಗೆಲ್ಲಿಸಿಕೊಟ್ಟು ಹೊರಟರು. ಅದೇ ವರ್ಷ ಇಟಲಿಯ ಯುವೆಂಟಸ್ ಮತ್ತು ಪಾರ್ಮಾ ಎರಡರ ಒಪ್ಪಂದಕ್ಕೂ ಸಹಿ ಬಿದ್ದು, ಎರಡು ವರ್ಷ ಇಟಲಿಯ ಯಾವ ಕ್ಲಬ್ಬಿಗೂ ಹೋಗದಂತೆ ನಿಷೇಧ ಬಂತು. ಹಾಗಾಗಿ ಬಾರ್ಸಿಲೋನಾ ಸೇರಿದರು. ಮುಂದೆ ನಡೆದದ್ದಕ್ಕೆ ಇದೊಂದು ಮುನ್ಸೂಚನೆ ಎನ್ನಲಡ್ಡಿಯಿಲ್ಲ.

ಬಾರ್ಸಿಲೋನಾದಲ್ಲಿ ಐದು ವರ್ಷ, 1998 ಮತ್ತು 1999ರ ಲೀಗ್ ಪ್ರಶಸ್ತಿಗಳು, ಉಪನಾಯಕನ ಪಟ್ಟ. ಸದಸ್ಯರೇ ಒಡೆಯರಾಗಿರುವ ಆ ಸಂಸ್ಥೆ ತನ್ನನ್ನು ಬರಿಯ ಕ್ಲಬ್ಬು ಎಂದುಕೊಂಡದ್ದೇ ಇಲ್ಲ. ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ ಅಲ್ಲಿನ ಕೆಟಲಾನ್ ಭಾಷೆಯನ್ನು ಅದುಮಿಟ್ಟಾಗ ಕ್ಲಬ್ಬಿನ ಮೈದಾನವೇ ಆ ಭಾಷೆಯ ಜನರ ಬೀಡಾಗಿತ್ತು. ಮ್ಯಾಡ್ರಿಡ್ ರಾಜಧಾನಿ, ಅಧಿಕಾರದ ಊರು. ಬಾರ್ಸಿಲೋನಾದಂಥ ಕಡೆ ಅಂಗಿ ತೊಟ್ಟವನನ್ನು ನೌಕರನೆಂದು ನೋಡುವುದು ಅಭಿಮಾನಿಗೆ ಕಷ್ಟ. ಅವನ ಕಣ್ಣಿಗೆ ಆತ ದೀಕ್ಷೆ ಪಡೆದವನು.

2000ರ ಜುಲೈನಲ್ಲಿ ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಫ್ಲೊರೆಂಟಿನೊ ಪೆರೆಸ್, ಗೆದ್ದರೆ ಫಿಗೊರನ್ನು ಕರೆತರುವುದಾಗಿ ಸದಸ್ಯರಿಗೆ ಮಾತು ಕೊಟ್ಟು, ಫಿಗೊರ ಏಜೆಂಟನೊಡನೆ ಮುಂಗಡ ಒಪ್ಪಂದವನ್ನೂ ಮಾಡಿಕೊಂಡರು. ಅತ್ತ ಫಿಗೊ ತಾನೆಲ್ಲೂ ಹೋಗುವುದಿಲ್ಲವೆಂದು ಬಾರ್ಸಿಲೋನಾದ ಪತ್ರಿಕೆಗೆ ಹೇಳಿದರು. ಪೆರೆಸ್ ಗೆದ್ದರು. ಜುಲೈ 24ರಂದು ಫಿಗೊ ಮ್ಯಾಡ್ರಿಡ್ಡಿನ ಬಿಳಿ ಅಂಗಿ ಹಿಡಿದು ನಿಂತರು. ಬೆಲೆ ಸಾವಿರ ಕೋಟಿ ಪೆಸೆಟಾ, ಅಂದರೆ ಸುಮಾರು ಆರು ಕೋಟಿ ಯೂರೊ, ಅಂದಿನ ವಿಶ್ವದಾಖಲೆ.

ಕಾನೂನಿನ ಪ್ರಕಾರ ಇಲ್ಲಿ ಯಾವ ಒಪ್ಪಂದವೂ ಮುರಿಯಲಿಲ್ಲ. ಪರಿಹಾರ ಕಟ್ಟಿ ಹೊರಡಲು ಸ್ಪೇನಿನ 1985ರ ರಾಜಾಜ್ಞೆ ಆಟಗಾರನಿಗೆ ಅವಕಾಶ ಕೊಡುತ್ತದೆ. ಆ ಮೊತ್ತವನ್ನು ಕರಾರಿನಲ್ಲಿ ಬರೆಸಿಕೊಂಡದ್ದು ಬಾರ್ಸಿಲೋನಾವೇ. ಋಣಕ್ಕೆ ಬೆಲೆ ಕಟ್ಟಿ, ಅದು ಸಂದಾಯವಾದ ಮೇಲೆ ಋಣ ಇನ್ನೂ ಬಾಕಿ ಇದೆ ಎನ್ನುವುದು ಹೇಗೆ? ಬಂದ ಹಣದಲ್ಲಿ ಕ್ಲಬ್ಬು ಅದೇ ಬೇಸಿಗೆಯಲ್ಲಿ ಇನ್ನೊಬ್ಬ ವಿಂಗರ್ ಮಾರ್ಕ್ ಓವರ್‌ಮಾರ್ಸ್‌ರನ್ನು ಲಂಡನ್ನಿನ ಆರ್ಸೆನಲ್‌ನಿಂದ ಬಿಡಿಸಿ ತಂದಿತು. ಆರ್ಸೆನಲ್ ಅಭಿಮಾನಿಗಳ ಋಣದ ಮಾತನ್ನು ಬಾರ್ಸಿಲೋನಾದಲ್ಲಿ ಯಾರೂ ಎತ್ತಲಿಲ್ಲ.

ಆದರೂ ಅಭಿಮಾನಿಯ ದೂರು ಪೂರ್ತಿ ಪೊಳ್ಳಲ್ಲ. ‘ಹೋಗುವುದಿಲ್ಲ’ ಎಂಬ ಮಾತಿಗೆ ಪರಿಹಾರದ ಮೊತ್ತ ನಿಗದಿಯಾಗಿರಲಿಲ್ಲ. ಅಮೆರಿಕದ ದಾರ್ಶನಿಕ ಜೊಸಾಯ ರಾಯ್ಸ್ 1908ರ ತಮ್ಮ ಗ್ರಂಥದಲ್ಲಿ, ಒಂದು ಧ್ಯೇಯಕ್ಕೆ ಮನಸಾರೆ ಒಪ್ಪಿಸಿಕೊಂಡು ಅದನ್ನು ನಡೆದು ತೋರುವುದೇ ನಿಷ್ಠೆ ಎಂದರು; ಬೇರೆಯವರ ನಿಷ್ಠೆಯನ್ನೂ ಕೆಡಿಸಬಾರದೆಂದು ಸೇರಿಸಿದರು. ಈ ಎರಡನೆಯ ಅಳತೆಗೆ ಫಿಗೊ ಸೋಲುತ್ತಾರೆ. ತಪ್ಪು ಊರು ಬಿಟ್ಟದ್ದರಲ್ಲಿಲ್ಲ, ಇರುತ್ತೇನೆಂದು ನಂಬಿಸಿದ್ದರಲ್ಲಿದೆ.

ಆದರೆ ದೂರುವವರ ತಕ್ಕಡಿಯೂ ನೆಟ್ಟಗಿರಲಿಲ್ಲ. 2000ರ ಅಕ್ಟೋಬರ್ 21ರಂದು ಫಿಗೊ ಮ್ಯಾಡ್ರಿಡ್ ಪರ ಆಡಲು ಬಾರ್ಸಿಲೋನಾಕ್ಕೆ ಮರಳಿದಾಗ ಇಡೀ ಮೈದಾನ ಶಪಿಸಿತು. ಬಾರ್ಸಿಲೋನಾ 2–0ಯಿಂದ ಗೆದ್ದಿತು. ಗೋಲು ಹೊಡೆದವರಲ್ಲಿ ಒಬ್ಬರು ಲೂಯಿಸ್ ಎನ್ರಿಕೆ. 1996ರಲ್ಲಿ ಅವರೂ ಎದುರಾಳಿ ಪಾಳೆಯದಿಂದ, ಅಂದರೆ ಮ್ಯಾಡ್ರಿಡ್‌ನಿಂದಲೇ, ಬಂದವರು. ವಿಭೀಷಣ ಲಂಕೆಯಲ್ಲಿ ಮನೆಮುರುಕ, ಕಡಲಾಚೆ ಶರಣಾಗತ ಭಕ್ತ. ಅವನು ಮಾಡಿದ್ದು ಒಂದೇ ಕೆಲಸ.

ವಿಂಗರ್‌ಗೆ ಒಂದು ವೃತ್ತಿಕಷ್ಟವಿದೆ: ಕಾರ್ನರ್ ಒದೆಯಲು ಅವನು ಪ್ರೇಕ್ಷಕರ ಕಾಲಬುಡಕ್ಕೇ ಹೋಗಬೇಕು. 2002ರ ನವೆಂಬರ್ 23ರಂದು ಬಾರ್ಸಿಲೋನಾದ ಮೈದಾನದಲ್ಲಿ ಫಿಗೊ ಮೂಲೆಯ ಬಾವುಟದ ಬಳಿ ಬಾಗಿ ಚೆಂಡು ಇಡುವಾಗ ಮೇಲಿನಿಂದ ನಾಣ್ಯ, ಲೈಟರ್, ಬಾಟಲಿಗಳು ಬಿದ್ದವು. ಅವುಗಳ ನಡುವೆ ಒಂದು ಹಂದಿಮರಿಯ ತಲೆಯೂ ಇತ್ತು. ಪಂದ್ಯ ಸುಮಾರು ಕಾಲು ಗಂಟೆ ನಿಂತು, ಕೊನೆಗೆ ಗೋಲಿಲ್ಲದೆ ಮುಗಿಯಿತು. ಪರಧರ್ಮದವನಿಗಿಂತ ಧರ್ಮ ಬಿಟ್ಟವನ ಮೇಲೆ ಹೆಚ್ಚು ಸಿಟ್ಟು ಎಂಬುದು ಮತಗಳ ಇತಿಹಾಸದಲ್ಲಿ ಹಳೆಯ ಸಂಗತಿ. ಮ್ಯಾಡ್ರಿಡ್ಡಿನಲ್ಲೇ ಆಡುತ್ತ ಬೆಳೆದ ಸಹ ಆಟಗಾರ ರೌಲ್ ಮೇಲೆ ಯಾರೂ ಹಂದಿಯ ತಲೆ ಎಸೆದಿರಲಿಲ್ಲ.

ಮ್ಯಾಡ್ರಿಡ್ಡಿನಲ್ಲಿ ಫಿಗೊ 2001 ಮತ್ತು 2003ರ ಲೀಗ್, 2002ರ ಚಾಂಪಿಯನ್ಸ್ ಲೀಗ್ ಗೆದ್ದರು. 2000ರ ಬ್ಯಾಲನ್ ಡಿ’ಓರ್ ಪ್ರಶಸ್ತಿ ಅವರ ಪಾಲಾಯಿತು. 2005ರಲ್ಲಿ ಇಂಟರ್ ಸೇರಿ ನಾಲ್ಕು ಋತುಗಳಲ್ಲಿ ನಾಲ್ಕು ಇಟಲಿ ಲೀಗ್ ಪ್ರಶಸ್ತಿ ಪಡೆದರು. ಮೊದಲನೆಯದು ಹಗರಣವೊಂದರಲ್ಲಿ ಸಿಕ್ಕಿ ಯುವೆಂಟಸ್ ಕಳೆದುಕೊಂಡದ್ದು. ಇಂಟರ್ ಸೇರುವಾಗ ಫಿಗೊಗೆ ಮೂವತ್ತೆರಡು ದಾಟಿತ್ತು; ಅವರಿಂದ ವೇಳೆವಾಳಿಯನ್ನು ಕೇಳುವವರು ಮಿಲಾನಿನಲ್ಲಿ ಇರಲಿಲ್ಲ. 2009ರ ಮೇ 31ರಂದು ಅದೇ ಅಂಗಿಯಲ್ಲಿ ಆಟ ನಿಲ್ಲಿಸಿದರು.