ಕಾಪಾಡುವುದೆಂದರೇನು?

ಹಳೆಯದಾದ ಒಂದು ವಸ್ತುವು ನಾಶವಾಗುತ್ತಿರುವುದನ್ನು ಕಂಡಾಗ ಸಹೃದಯರ ಮನಸ್ಸು ಮರುಗುವುದು ಸಹಜ. ಅದನ್ನು ಕಾಪಾಡಬೇಕೆಂಬ ಸಂಕಲ್ಪವೂ ಒಡನೆಯೇ ಹುಟ್ಟುವುದು. ಆದರೆ ಅದರಲ್ಲಿ ಕಾಪಾಡಬೇಕಾದುದು ಯಾವುದು ಎಂದು ಕೇಳಿಕೊಳ್ಳುವವರು ವಿರಳ. ಮನೆಯನ್ನು ಉಳಿಸಿದ ಮಾತ್ರಕ್ಕೆ ಅದರೊಳಗಣ ಬಾಳನ್ನು ಉಳಿಸಿದಂತಾಯಿತೆ? ಆ ಬಾಳು ಕಷ್ಟದ್ದಾಗಿದ್ದ ಪಕ್ಷದಲ್ಲಿ ಅದನ್ನು ಉಳಿಸಬೇಕೆನ್ನುವುದು ಧರ್ಮವೆ? ಯೋಗಕ್ಷೇಮವೆಂಬ ಒಂದೇ ಮಾತಿನಲ್ಲಿ ನಮ್ಮ ಹಿರಿಯರು ಎರಡು ಕಾರ್ಯಗಳನ್ನು ಅಡಗಿಸಿದರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಯುವುದು ಕ್ಷೇಮ. ಇವೆರಡರಲ್ಲಿ ಕ್ಷೇಮವೇ ಕಠಿನತರವಾದುದು. ಪಡೆಯಹೊರಟವನಿಗೆ ತನಗೆ ಬೇಕಾದುದೇನೆಂಬುದು ಗೊತ್ತಿರುತ್ತದೆ. ಕಾಯುತ್ತ ನಿಂತವನಿಗೆ ತಾನು ಕಾಯುತ್ತಿರುವುದು ಏನೆಂಬುದೇ ಅನೇಕ ವೇಳೆ ಗೊತ್ತಿರುವುದಿಲ್ಲ. ಈ ವಿಚಾರಕ್ಕೆ ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯೊಂದರ ಮೇಲೆ ಸಂಸಾರ ಹೂಡಿದ ದಂಪತಿಗಳ ವೃತ್ತಾಂತವು ತಕ್ಕ ದೃಷ್ಟಾಂತವಾಗಿರುವುದು.

ಆ ಕಾಲುವೆಗಳ ಪೂರ್ವಕಥೆಯನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. 1761ರಲ್ಲಿ ಬ್ರಿಜ್‌ವಾಟರ್ ಎಂಬ ಪ್ರಭುವು ವರ್ಸ್ಲಿಯಲ್ಲಿದ್ದ ತನ್ನ ಗಣಿಗಳಿಂದ ಮ್ಯಾಂಚೆಸ್ಟರಿನ ಕಡೆಗೆ ಕಲ್ಲಿದ್ದಲನ್ನು ಸಾಗಿಸುವುದಕ್ಕಾಗಿ ಕಾಲುವೆಯೊಂದನ್ನು ತೆರೆಸಿದನು. ಆ ಕೆಲಸವನ್ನು ನಡೆಸಿದವರಲ್ಲಿ ಮುಖ್ಯನಾದ ಜೇಮ್ಸ್ ಬ್ರಿಂಡ್ಲಿಯು ಓದುಬರಹಗಳನ್ನು ಅಷ್ಟಾಗಿ ಅರಿಯದವನು. ಗಿರಣಿಗಳ ಯಂತ್ರಗಳನ್ನು ಕಟ್ಟಿ ಪಳಗಿದವನು. ಕಾಲುವೆಯಾದ ಮೇಲೆ ಪಟ್ಟಣದಲ್ಲಿ ಕಲ್ಲಿದ್ದಲಿನ ಬೆಲೆಯು ಸುಮಾರು ಅರ್ಧಕ್ಕೆ ಇಳಿದುದನ್ನು ಕಂಡು ಇತರರೂ ಅದೇ ಮಾರ್ಗವನ್ನು ಹಿಡಿದರು. ರಸ್ತೆಯ ಮೇಲೆ ಒಂದೆರಡು ಟನ್ನು ಭಾರವನ್ನೆಳೆಯಲು ಏದುಸಿರು ಬಿಡುವ ಕುದುರೆಯು ನೀರಿನ ಮೇಲೆ 25 ಟನ್ನು ಹೊತ್ತ ದೋಣಿಯನ್ನು ಒಂದೇ ಸಮನೆ ಎಳೆದುಕೊಂಡು ಹೋಗುತ್ತಿದ್ದಿತು. ಹೀಗೆ ನದಿಯಿಂದ ನದಿಗೆ, ಪಟ್ಟಣದಿಂದ ಪಟ್ಟಣಕ್ಕೆ ಜಲಮಾರ್ಗಗಳು ಬಲೆಯಂತೆ ಹಬ್ಬಿದುವು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆಗಳು ಬಂದುವು. ಅನೇಕ ಕಾಲುವೆಗಳನ್ನು ರೈಲ್ವೆ ಕಂಪನಿಗಳೇ ಕೊಂಡು ಉದಾಸೀನ ಮಾಡಿದುವು. ಅನಂತರ ಮೋಟಾರು ಲಾರಿಗಳು ಬಂದುವು. 1939ರ ವೇಳೆಗೆ ಎಷ್ಟೋ ಕಾಲುವೆಗಳು ಹೂಳು ತುಂಬಿ, ಜೊಂಡು ಬೆಳೆದು, ಹೆಸರಿಗೆ ಮಾತ್ರ ಉಳಿದಿದ್ದುವು.

ಆ ವರುಷದ ಜುಲೈ 27ರಂದು ಟಾಮ್ ರೋಲ್ಟ್ ಎಂಬ ಇಪ್ಪತ್ತೊಂಬತ್ತು ವಯಸ್ಸಿನ ಎಂಜಿನಿಯರು, ಅದೇ ತಿಂಗಳಲ್ಲಿ ಕೈಹಿಡಿದ ಪತ್ನಿ ಏಂಜೆಲಾಳೊಡನೆ, ಬ್ಯಾನ್‌ಬರಿ ಎಂಬ ಊರಿನಿಂದ ದೋಣಿಯಲ್ಲಿ ಹೊರಟನು. ದೋಣಿಯ ಹೆಸರು ‘ಕ್ರೆಸಿ’. ಉದ್ದ ಸುಮಾರು 70 ಅಡಿ. ಅಗಲ ಏಳೇ ಅಡಿ. ಸರಕು ತುಂಬುವುದಕ್ಕಾಗಿ ಕಟ್ಟಿದ ಆ ಮರದ ದೋಣಿಯಲ್ಲಿ ಮಲಗುವ ಮನೆ, ಅಡಿಗೆಯ ಮನೆ, ಸ್ನಾನದ ತೊಟ್ಟಿ ಇವೆಲ್ಲವನ್ನೂ ಅಳವಡಿಸಲಾಗಿದ್ದಿತು. ದಂಪತಿಗಳು ಆಕ್ಸ್‌ಫರ್ಡ್ ಕಾಲುವೆಯಲ್ಲಿ ಉತ್ತರಾಭಿಮುಖವಾಗಿ ಸಾಗಿ, ಲೆಸ್ಟರ್ ಪಟ್ಟಣವನ್ನು ದಾಟಿ, ಸೋರ್ ನದಿಯಿಂದ ಟ್ರೆಂಟ್ ನದಿಗೆ ಇಳಿದು, ಅಲ್ಲಿಂದ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯನ್ನು ಹಿಡಿದು, ಕುಂಬಾರಿಕೆಗೆ ಹೆಸರಾದ ಸ್ಟೋಕ್ ಸೀಮೆಯ ಮೂಲಕ ಚೆಷೈರಿನ ಬಯಲನ್ನು ಸೇರಿದರು. ದೋಣಿಗೆ ಯಂತ್ರವಿದ್ದಿತಾದರೂ ಅದರ ವೇಗವು ಕಾಲ್ನಡಿಗೆಯ ವೇಗವೇ.

ಈ ಮಾರ್ಗದಲ್ಲಿ ಏರುತಗ್ಗುಗಳು ಬಂದಲ್ಲೆಲ್ಲಾ ‘ಲಾಕು’ ಎಂಬ ಕಟ್ಟಡವಿರುವುದು. ಅದು ಎರಡು ತುದಿಗಳಲ್ಲಿಯೂ ಕದಗಳುಳ್ಳ ಒಂದು ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ತಂದು, ಹಿಂದಣ ಕದವನ್ನು ಮುಚ್ಚಿ, ಮುಂದಣ ತೂಬನ್ನೆತ್ತಿದರೆ, ಮೇಲಿನ ನೀರು ಒಳಗಿಳಿದು ದೋಣಿಯನ್ನು ತನ್ನ ಮಟ್ಟಕ್ಕೆ ಎತ್ತುವುದು; ಇಳಿಯುವಾಗ ಕ್ರಮವು ವಿಪರೀತ. ಸಣ್ಣ ಲಾಕೊಂದನ್ನು ಒಮ್ಮೆ ತುಂಬುವುದಕ್ಕೆ ಸುಮಾರು 25,000 ಗ್ಯಾಲನ್ ನೀರು ಬೇಕು. ಇಲ್ಲಿ ಅವಸರಕ್ಕೆ ಬೆಲೆಯಿಲ್ಲ. ಎರಡು ಮಟ್ಟಗಳೂ ಸಮನಾಗುವವರೆಗೆ ಎಂತಹ ಬಲಶಾಲಿಯೂ ಕದವನ್ನು ಅಲುಗಿಸಲಾರನು. ಸಮನಾದ ಮೇಲೆ ಹೆಂಗಸೊಬ್ಬಳು ಬೆನ್ನು ಕೊಟ್ಟು ನೂಕಿದರೆ ಅದು ತೆರೆಯುವುದು. ಒಬ್ಬರು ಚುಕ್ಕಾಣಿಯಲ್ಲಿ, ಒಬ್ಬರು ಕದದಲ್ಲಿ. ನಡುವೆ 70 ಅಡಿಗಳ ಅಂತರ. ಮಾತು ಕೇಳಿಸದ ಕಡೆ ಕೈಸನ್ನೆಯಿಂದಲೂ ಅಭ್ಯಾಸದಿಂದಲೂ ಪರಸ್ಪರ ತಿಳಿದುಕೊಳ್ಳಬೇಕು. ಸಹಧರ್ಮವೆಂಬುದನ್ನು ಕಲಿಯಲು ಇದಕ್ಕಿಂತ ನೇರವಾದ ಪಾಠವಿಲ್ಲ.

ಹೊರಟು ಆರು ವಾರ ತುಂಬುವುದರೊಳಗಾಗಿ, ಸೆಪ್ಟೆಂಬರ್ 3ರಂದು, ಯುದ್ಧವು ಪ್ರಾರಂಭವಾಯಿತು. ಯಂತ್ರನಾಗರಿಕತೆಯನ್ನು ಸಂದೇಹದಿಂದ ನೋಡುತ್ತಿದ್ದ ರೋಲ್ಟನೇ ಕ್ರೂ ಪಟ್ಟಣದಲ್ಲಿ ವಿಮಾನಗಳ ಎಂಜಿನುಗಳನ್ನು ಮಾಡುವ ಕಾರ್ಖಾನೆಯನ್ನು ಸೇರಬೇಕಾಯಿತು. ಯಾತ್ರೆಯು ಅಲ್ಲಿಗೆ ತಡೆದುನಿಂತರೂ ದೋಣಿಯ ವಾಸವು ನಿಲ್ಲಲಿಲ್ಲ. ಕಂಡುದನ್ನೆಲ್ಲಾ ಅವನು ಗ್ರಂಥವಾಗಿ ಬರೆದನು. ಹಲವು ಪ್ರಕಾಶಕರು ಹಿಂದಿರುಗಿಸಿದ ಆ ಪುಸ್ತಕವು 1944ರ ಡಿಸೆಂಬರಿನಲ್ಲಿ ‘ನ್ಯಾರೋ ಬೋಟ್’ ಎಂಬ ಹೆಸರಿನಿಂದ ಹೊರಬಂದಿತು. ಯುದ್ಧದಿಂದ ಬಳಲಿದ್ದ ಜನರು ಅದನ್ನು ಆದರದಿಂದ ಓದಿದರು. ಓದಿದವರಲ್ಲಿ ರಾಬರ್ಟ್ ಏಕ್‌ಮನ್ ಎಂಬ ಸಾಹಿತಿಯೊಬ್ಬನು. ಅವನು ಬರೆದ ಕಾಗದದಿಂದ ಪರಿಚಯವು ಬೆಳೆದು, 1945ರಲ್ಲಿ ಟಾರ್ಡ್‌ಬಿಗ್ ಎಂಬಲ್ಲಿ ಭೇಟಿಯಾಗಿ, ಮರುವರ್ಷ ಇನ್‌ಲೆಂಡ್ ವಾಟರ್‌ವೇಸ್ ಅಸೋಸಿಯೇಷನ್ ಎಂಬ ಜಲಮಾರ್ಗರಕ್ಷಣ ಸಂಘವು ಸ್ಥಾಪಿತವಾಯಿತು. ಏಕ್‌ಮನ್ ಅಧ್ಯಕ್ಷ; ರೋಲ್ಟ್ ಕಾರ್ಯದರ್ಶಿ.

ಸಂಘದ ಮೊದಲ ಹೋರಾಟವೊಂದು ಸ್ಮರಣೀಯವಾದುದು. ಸ್ಟ್ರಾಟ್‌ಫರ್ಡ್ ಕಾಲುವೆಯ ಮೇಲೆ ಕಿಂಗ್ಸ್ ನಾರ್ಟನ್ ಬಳಿ ಇದ್ದ ಎತ್ತುವ ಸೇತುವೆಯು ಕೆಟ್ಟಾಗ, ಕಾಲುವೆಯ ಒಡೆತನವುಳ್ಳ ರೈಲ್ವೆ ಕಂಪನಿಯು ಅದರ ಸ್ಥಾನದಲ್ಲಿ ಅಲುಗದ ತಗ್ಗು ಸೇತುವೆಯನ್ನು ಇಟ್ಟುಬಿಟ್ಟಿತು. ಈ ವಿಷಯವು ಪ್ರಭುಸಭೆಯಲ್ಲಿ ಪ್ರಸ್ತಾಪವಾಗಲು, ದೋಣಿಯು ಬರುವುದೆಂದು ಮುಂಚಿತವಾಗಿ ತಿಳಿಸಿದರೆ ಸೇತುವೆಯನ್ನು ಎತ್ತಿಕೊಡಲಾಗುವುದೆಂಬ ಉತ್ತರವು ಬಂದಿತು. ಬರುವವರು ಯಾರೂ ಇರಲಾರರೆಂದು ಉತ್ತರ ಕೊಟ್ಟವರು ಎಣಿಸಿದ್ದಿರಬಹುದು. ರೋಲ್ಟನು ತಿಳಿಸಿದನು, 1947ರ ಮೇ ತಿಂಗಳಲ್ಲಿ ‘ಕ್ರೆಸಿ’ಯು ಕಳೆಗಳನ್ನು ಸೀಳಿಕೊಂಡು ಬಂದು ನಿಂತಿತು, ಕಂಪನಿಯ ಆಳುಗಳು ಸೇತುವೆಯನ್ನು ಎತ್ತಿದರು, ದೋಣಿಯು ದಾಟಿತು. ಬಳಸದ ಹಕ್ಕು ಕಾಗದದಲ್ಲಿದ್ದರೂ ಇಲ್ಲದಂತೆಯೇ ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ಇಂತು ಒಂದಾಗಿ ಹೊರಟ ಮಿತ್ರರಲ್ಲಿ ಶೀಘ್ರವಾಗಿಯೇ ಭೇದವು ತಲೆದೋರಿತು. ಅವರವರ ಸ್ವಭಾವಗಳೂ ಅದಕ್ಕೆ ಕಾರಣವಾಗಿದ್ದುವೆಂಬುದು ನಿಜ. ಆದರೆ ಅದರ ಅಡಿಯಲ್ಲಿ ಒಂದು ತತ್ತ್ವದ ಪ್ರಶ್ನೆಯೂ ಇದ್ದಿತು. ಏಕ್‌ಮನ್ನನ ಪಕ್ಷವಿದು: ಜಲಮಾರ್ಗಗಳೆಲ್ಲವೂ ಒಂದೇ ಶರೀರದ ಅಂಗಗಳು, ಒಂದನ್ನು ಬಿಟ್ಟುಕೊಡುವವನು ನಾಳೆ ಎಲ್ಲವನ್ನೂ ಬಿಟ್ಟುಕೊಡುವನು, ಆದುದರಿಂದ ಒಂದು ಮೈಲಿಯನ್ನೂ ತ್ಯಜಿಸಕೂಡದು. ರೋಲ್ಟನ ಪಕ್ಷವು ಬೇರೆ: ಕಾಲುವೆಯೆಂದರೆ ನೀರು ತುಂಬಿದ ಕಂದಕವಲ್ಲ, ತಲೆತಲಾಂತರದಿಂದ ಅದರಲ್ಲಿ ಸರಕು ಸಾಗಿಸಿ ಬದುಕುತ್ತಿರುವ ದೋಣಿಯ ಸಂಸಾರಗಳೇ ಅದರ ಪ್ರಾಣ, ಎಲ್ಲಿ ಅವರ ಕಸುಬು ಇನ್ನೂ ನಡೆದಿದೆಯೋ ಅಲ್ಲಿ ಮೊದಲು ಶಕ್ತಿಯನ್ನು ವಿನಿಯೋಗಿಸಬೇಕು. ಒಬ್ಬನು ದೇಹವನ್ನು ಹಿಡಿದನು, ಮತ್ತೊಬ್ಬನು ದೇಹಿಯನ್ನು ಹಿಡಿದನು. 1951ರ ಆದಿಯಲ್ಲಿ ರೋಲ್ಟನು ತಾನೇ ಸ್ಥಾಪಿಸಿದ ಸಂಘದಿಂದ ಹೊರದೂಡಲ್ಪಟ್ಟನು.

ಕಾಲವು ಈ ವಾದಕ್ಕೆ ಕೊಟ್ಟ ತೀರ್ಪು ವಿಚಿತ್ರವಾದುದು. ಕಾಲುವೆಗಳು ಉಳಿದುವು. ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣಭಾಗವನ್ನು ಸ್ವಯಂಸೇವಕರೂ ಸೈನಿಕರೂ ಸೆರೆಮನೆಯ ಕೈದಿಗಳೂ ಹೂಳೆತ್ತಿ ಕಟ್ಟಲಾಗಿ 1964ರಲ್ಲಿ ಅದು ಮತ್ತೆ ತೆರೆಯಿತು. ಕೆನೆಟ್ ಅಂಡ್ ಏವನ್ ಕಾಲುವೆಯು 1990ರಲ್ಲಿ ತೆರೆಯಿತು. 2012ರಿಂದ ಒಂದು ಧರ್ಮಸಂಸ್ಥೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,000 ಮೈಲಿ ಜಲಮಾರ್ಗಗಳನ್ನು ನೋಡಿಕೊಳ್ಳುತ್ತಿರುವುದು. ಅವುಗಳ ಮೇಲೆ ಇಂದು 30,000ಕ್ಕೂ ಹೆಚ್ಚು ದೋಣಿಗಳಿವೆ. ಆದರೆ ರೋಲ್ಟನು ಯಾವ ಜನರ ಸಲುವಾಗಿ ವಾದಿಸಿದನೋ ಆ ಜನರು ಆ ದೋಣಿಗಳಲ್ಲಿಲ್ಲ. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ಸಾಗಾಟವು ಸ್ತಬ್ಧವಾಯಿತು. 1970ರಲ್ಲಿ ಆದರ್‌ಸ್ಟನ್ನಿನಿಂದ ಸೌತಾಲಿಗೆ ಕಲ್ಲಿದ್ದಲು ಒಯ್ಯುವ ಕೊನೆಯ ದೂರಪ್ರಯಾಣದ ಕೆಲಸವೂ ಮುಗಿಯಿತು. ಪಾತ್ರೆಯು ಉಳಿಯಿತು, ಅದರಲ್ಲಿದ್ದ ಹಾಲು ಹೋಯಿತು.

ಹಾಗಾದರೆ ಇದು ಕೇವಲ ನಷ್ಟವೆ? ಇಲ್ಲಿ ವಿವೇಕಿಯು ಸ್ವಲ್ಪ ನಿಲ್ಲಬೇಕು. ಸರಕಿನ ದೋಣಿಯಲ್ಲಿ ಸಂಸಾರಕ್ಕೆಂದು ಬಿಟ್ಟ ಕೋಣೆಯು ಸುಮಾರು ಹತ್ತು ಅಡಿ ಉದ್ದ, ಏಳು ಅಡಿ ಅಗಲ. ತಾಯಿ ತಂದೆ ಮಕ್ಕಳು ಒಲೆ ಹಾಸಿಗೆ ಎಲ್ಲವೂ ಅದರಲ್ಲಿಯೇ. ರೈಲ್ವೆಯ ಪೈಪೋಟಿಯಿಂದ ಬಾಡಿಗೆ ಇಳಿದಾಗ, ಆಳುಗಳಿಗೆ ಕೂಲಿ ಕೊಡಲಾರದೆ ಹೆಂಡತಿಮಕ್ಕಳನ್ನು ದೋಣಿಗೆ ಕರೆತಂದವರು ಎಷ್ಟೋ ಮಂದಿ. ಆ ಹೆಂಗಸಿಗೆ ಪ್ರತ್ಯೇಕವಾದ ಕೂಲಿಯಿರಲಿಲ್ಲ. 1877ರಲ್ಲಿಯೂ 1884ರಲ್ಲಿಯೂ ಕಾನೂನುಗಳಾದುವು. ಆದರೆ ಇಂದು ಇಲ್ಲಿ ನಾಳೆ ಅಲ್ಲಿ ಇರುವ ಮಗುವಿಗೆ ಯಾವ ಶಾಲೆಯು ಅಕ್ಷರ ಕಲಿಸೀತು? ದೋಣಿಗಳ ಮೇಲೆ ಅವರು ಬಿಡಿಸುತ್ತಿದ್ದ ಗುಲಾಬಿಗಳೂ ಕೋಟೆಗಳೂ ನೋಡುವವರ ಕಣ್ಣನ್ನು ತಣಿಸಿದುವು. ದೋಣಿಯ ಹೆಸರನ್ನು ಓದಲಾರದೆ ಗುರುತಿನಿಂದ ತಿಳಿಯುವವರು ಅದರೊಳಗೆ ಇದ್ದರು. ಸ್ನಾನದ ತೊಟ್ಟಿಯುಳ್ಳ ದೋಣಿಯಲ್ಲಿ ಕುಳಿತು ಆ ಬಾಳಿನ ಸೌಂದರ್ಯವನ್ನು ಬರೆದ ರೋಲ್ಟನು ಸುಳ್ಳನ್ನು ಬರೆಯಲಿಲ್ಲ. ಅವರ ಮಾನವನ್ನೂ ಕುಶಲತೆಯನ್ನೂ ಲೋಕಕ್ಕೆ ತೋರಿಸಿದನು. ಆದರೆ ಅವನು ಆ ಬಾಳನ್ನು ಆರಿಸಿಕೊಂಡವನು; ಅವರು ಅದರಲ್ಲಿ ಹುಟ್ಟಿದವರು. ದಡಕ್ಕೆ ಇಳಿದು, ಮಗುವನ್ನು ಶಾಲೆಗೆ ಕಳುಹಿಸಿದ ತಾಯಿಯ ಮುಂದೆ ನಿಂತು ‘ನಿನ್ನ ಸಂಪ್ರದಾಯವು ನಶಿಸಿತಲ್ಲಾ’ ಎಂದು ಮರುಗುವ ಅಧಿಕಾರವು ಯಾರಿಗಿದೆ? ಅವಳೂ ಅದಕ್ಕಾಗಿ ಮರುಗುತ್ತಿದ್ದರೆ, ಆ ದುಃಖದ ಮಾತು ಅವಳದು.

ಆದುದರಿಂದ ಕಾಪಾಡಹೊರಟವನ ಮೊದಲನೆಯ ಧರ್ಮವು, ವಸ್ತುವಿಗಿಂತ ಮುಂಚೆ ಅದರಿಂದ ಬದುಕಿದವರನ್ನು ಕೇಳುವುದು. ಮನುಷ್ಯನನ್ನು ನೋಟದ ಸಾಮಗ್ರಿಯಾಗಿ ಉಳಿಸುವುದು ರಕ್ಷಣೆಯಲ್ಲ. ಅದು ಬೇರೊಂದು ಬಗೆಯ ಭೋಗ. ಎರಡನೆಯ ಧರ್ಮವು ಸತ್ಯ. ನೀರನ್ನು ಉಳಿಸಿ ‘ಬಾಳನ್ನು ಉಳಿಸಿದೆವು’ ಎನ್ನಬಾರದು. ಇಂದು ವಿರಾಮಕ್ಕಾಗಿ ದೋಣಿ ನಡೆಸುವವನ ಕೈಯಲ್ಲಿಯೂ ತೂಬನ್ನೆತ್ತುವ ಹಿಡಿಯು ಅದೇ, ಬೆನ್ನು ಕೊಟ್ಟು ನೂಕುವ ಕದವೂ ಅದೇ. ಆದರೆ ಅವನು ಬೇಸರವಾದರೆ ಮನೆಗೆ ಹೋಗಬಲ್ಲನು, ಅವಳು ಹೋಗಲಾರದವಳಾಗಿದ್ದಳು. ಈ ಭೇದವನ್ನು ಮರೆಯದಿದ್ದರೆ ಅವನ ಸಂತೋಷದಲ್ಲಿ ದೋಷವಿಲ್ಲ.

ಇಷ್ಟಾದ ಮೇಲೂ ಏನೋ ಒಂದು ಉಳಿದಿದೆಯೆಂಬುದನ್ನು ಅಲ್ಲಗಳೆಯಲಾಗದು. ಅದು ಯಾವುದು? ಲಾಕಿನ ಮರದ ಕದವು ಸುಮಾರು 25 ವರುಷ ಬಾಳುವುದು. ಅನಂತರ ಹೊಸದನ್ನು ಮಾಡಿ ಕೂಡಿಸಬೇಕು. ಬ್ರಿಂಡ್ಲಿಯ ಕಾಲದ ಕದವೊಂದೂ ಇಂದು ನೀರನ್ನು ತಡೆದು ನಿಂತಿಲ್ಲ. ಆದರೂ ಲಾಕು ಅದೇ ಲಾಕಾಗಿರುವುದು, ಒಬ್ಬರ ಕೈಯಿಂದ ಒಬ್ಬರ ಕೈಗೆ ಮಾಡುವ ಬಗೆಯು ಬಂದಿರುವುದರಿಂದ. ವೇದಪಾಠವು ಯಾವ ಒಂದು ಕಂಠದಲ್ಲಿಯೂ ಶಾಶ್ವತವಾಗಿ ನಿಂತಿಲ್ಲ. ಗುರುವಿನ ಕಂಠವು ಅಡಗುವ ಮೊದಲು ಶಿಷ್ಯನ ಕಂಠವು ಅದನ್ನು ಹಿಡಿದಿದೆ, ಅಷ್ಟೆ. ಕ್ಷೇಮವೆಂಬುದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಕಾರ್ಯವಲ್ಲ. ದಿನದಿನವೂ ಮಾಡುತ್ತಿರುವ ಕಾರ್ಯ. ಮಾಡುವವರು ಬದಲಾದರೂ, ಮಾಡುವ ಉದ್ದೇಶವೇ ಬದಲಾದರೂ, ಮಾಡುವಿಕೆಯು ಕಡಿಯದಿದ್ದರೆ ಮುಂದೆ ಬೇರೊಂದು ಬಾಳು ಆ ಪಾತ್ರೆಯನ್ನು ತುಂಬಲು ಅವಕಾಶವುಂಟು.

ಇನ್ನು ಆ ದಂಪತಿಗಳ ವಿಷಯ. 1949ರಲ್ಲಿ ಅವರು ‘ಕ್ರೆಸಿ’ಯನ್ನು ವೇಲ್ಸ್ ಸೀಮೆಯ ಪಾಂಟ್‌ಕಿಸಿಲ್ಟೆ ಎಂಬಲ್ಲಿ, 126 ಅಡಿ ಎತ್ತರದಲ್ಲಿ ಕಣಿವೆಯನ್ನು ದಾಟುವ, 1805ರ ಜಲಸೇತುವೆಯ ಮೇಲೆ ನಡೆಸಿದರು, ಯುದ್ಧವು ತಡೆದಿದ್ದ ಯಾತ್ರೆಯು ಹತ್ತು ವರುಷಗಳ ತರುವಾಯ ತನ್ನ ಗುರಿಯನ್ನು ಮುಟ್ಟಿತು. 1951ರಲ್ಲಿ ಸಂಘದೊಡನೆ ಸಂಬಂಧವು ಹರಿಯಿತು. ದೋಣಿಯ ಮರವು ಶಿಥಿಲವಾಗಿ ಅದನ್ನು ಬಿಡಬೇಕಾಯಿತು. ದಾಂಪತ್ಯವೂ ಆ ವರುಷವೇ ಕೊನೆಗೊಂಡಿತು. ಏಂಜೆಲಾ ಊರೂರು ಅಲೆಯುವ ಸರ್ಕಸ್ಸನ್ನು ಸೇರಿಕೊಂಡಳು. ರೋಲ್ಟನು ವೇಲ್ಸಿನ ಟಾಲಿಲಿನ್ ಎಂಬ ಪುಟ್ಟ ರೈಲ್ವೆಯನ್ನು ಸ್ವಯಂಸೇವಕರ ಕೈಯಿಂದ ನಡೆಯಿಸಲು ತೊಡಗಿದನು. ಹನ್ನೆರಡು ವರುಷ ಜತೆಯಾಗಿ ನೀರನ್ನು ಕಾಯ್ದವರು ತಮ್ಮ ಜತೆಯನ್ನು ಕಾಯಲಾರದೆ ಹೋದರೆಂದು ಹಂಗಿಸುವುದು ಸುಲಭ. ಅದು ಮಾತ್ರ ನ್ಯಾಯವಲ್ಲ. ಲಾಕನ್ನು ದಾಟಿದವರು ಹೊರಡುವ ಮುನ್ನ ತೂಬನ್ನಿಳಿಸಿ ಕದವನ್ನು ಮುಚ್ಚಿ ಹೋಗಬೇಕೆಂಬುದು ಆ ಕಾಲುವೆಗಳ ಮರ್ಯಾದೆ. ಮುಚ್ಚದಿದ್ದರೆ ಅವರ ದೋಣಿಗೆ ಹಾನಿಯೇನೂ ಇಲ್ಲ. ಅವರು ಆಗಲೇ ದಾಟಿರುತ್ತಾರೆ. ಹಿಂದೆ ಬರುವವರಿಗೆ ನೀರಿಲ್ಲವಾಗುವುದು. ಆ ಇಬ್ಬರೂ ತಮ್ಮ ಪಾಲಿನ ಕದವನ್ನು ಮುಚ್ಚಿಯೇ ಹೋದರು.