ಮದ್ದು ಪರಿಗ್ರಹವೇ?

ಭಾದ್ರಪದದ ದಶಲಕ್ಷಣ ಪರ್ವ ಹತ್ತಿರ ಬಂತೆಂದರೆ ನಮ್ಮ ಮೂಡುಬಿದಿರೆಯ ಬಸದಿ ಜಗಲಿಯಲ್ಲಿ ಹೆಂಗಸರ ಮಾತು ಮದ್ದಿನ ಕಡೆಗೆ ಹೊರಳುತ್ತದೆ. ಉಪವಾಸದ ದಿನ ಬಿಪಿ ಮಾತ್ರೆ ನುಂಗಬಹುದಾ? ಹೊತ್ತು ಮುಳುಗಿದ ಮೇಲೆ ಊಟ ಬಿಟ್ಟವರು ರಾತ್ರಿಯ ಮಾತ್ರೆಗೆ ಏನು ಮಾಡಬೇಕು? ಕೇಳುವವರೆಲ್ಲ ಅರವತ್ತು ದಾಟಿದವರು. ನಾನು ಟೀಚರಾಗಿದ್ದವಳು, ಸ್ವಾಧ್ಯಾಯದಲ್ಲಿ ಪುಸ್ತಕ ಓದಿ ಹೇಳುವವಳು ಎಂದು ಪ್ರಶ್ನೆ ನನ್ನ ಬಳಿಗೂ ಬರುತ್ತದೆ.

ಆದರೆ ದೊಡ್ಡಮ್ಮನ ಮಗಳು, ನನ್ನ ಅಕ್ಕ, ಕೇಳಿದ್ದು ಇದಕ್ಕಿಂತ ಆಳದ್ದು. ಅವಳಿಗೆ ಬರುವುದು ಭಾವನ ಫ್ಯಾಮಿಲಿ ಪೆನ್ಶನ್ ಒಂದೇ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ, ಶುಗರ್ ಮಾತ್ರೆಯನ್ನು ಅರ್ಧ ಮುರಿದು ತೆಗೆದುಕೊಳ್ಳುತ್ತಿದ್ದಳು. ಯಾಕೆ ಅಂದರೆ, "ಈ ದೇಹಕ್ಕೆ ಎಷ್ಟು ಅಂತ ಸುರಿಯುವುದು ಮಾರಾಯ್ತಿ? ದೇಹವೂ ಪರಿಗ್ರಹವೇ ಅಲ್ಲವಾ? ಬಿಡ್ತಾ ಬರಬೇಕು" ಎಂದಳು. ಪರಿಗ್ರಹ ಎಂದರೆ ನನ್ನದೆಂದು ಹಿಡಿದಿಟ್ಟುಕೊಳ್ಳುವುದು.

ಹಗುರವಾಗಿ ತಳ್ಳಿಹಾಕುವ ಮಾತಲ್ಲ ಇದು. ಪಿಂಛಿ, ಕಮಂಡಲು, ಶಾಸ್ತ್ರ ಬಿಟ್ಟರೆ ಬೇರೇನೂ ಇಟ್ಟುಕೊಳ್ಳದ ಮುನಿಗಳನ್ನು ಕಂಡು ಬೆಳೆದವರು ನಾವು. ಸಲ್ಲೇಖನದಲ್ಲಿ ಅನ್ನ ನೀರು ಬಿಟ್ಟು ಹೋದವರ ಶಾಸನಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬ ಇವೆ. ಆ ಪರಂಪರೆಯ ಹೆಣ್ಣುಮಗಳು ಮದ್ದಿನ ಖರ್ಚನ್ನೂ ಒಂದು ಮೋಹವೆಂದು ಬಗೆದರೆ ಅದರಲ್ಲಿ ಅವಳ ಶ್ರದ್ಧೆ ಇದೆ. ಆ ಶ್ರದ್ಧೆ ನನಗೆ ದೊಡ್ಡದು. ಆದರೂ ಅವಳು ಹಿಡಿದ ದಾರಿ ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಮಂತಭದ್ರಾಚಾರ್ಯರ ಕತೆಯನ್ನೇ ನೋಡಿ. ಮುನಿಯಾಗಿದ್ದಾಗ ಅವರಿಗೆ ಭಸ್ಮಕ ರೋಗ ಬಂತಂತೆ. ಎಷ್ಟು ಉಂಡರೂ ಸುಟ್ಟುಹೋಗುವ ಹಸಿವು. ದಿನಕ್ಕೊಮ್ಮೆ ನಿಂತು ಅಂಗೈಯಲ್ಲಿ ಉಣ್ಣುವ ದಿಗಂಬರ ಮುನಿ ಆ ಹಸಿವನ್ನು ತಣಿಸುವುದು ಹೇಗೆ? ಸಲ್ಲೇಖನಕ್ಕೆ ಅಪ್ಪಣೆ ಕೇಳಿದರು. ಗುರು ಕೊಡಲಿಲ್ಲ. ಮುನಿವೇಷ ಕಳಚಿಡು, ರೋಗ ವಾಸಿಮಾಡಿಕೊ, ಆಮೇಲೆ ಮತ್ತೆ ದೀಕ್ಷೆ ತೆಗೆದುಕೊ ಎಂದರು. ಸಮಂತಭದ್ರರು ಹಾಗೇ ಮಾಡಿದರು. ಶಿವಾಲಯದ ನೈವೇದ್ಯ ಉಂಡು ಗುಣವಾಗಿ ಮರಳಿ ಮುನಿಯಾದರು. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರ ಬರೆದ 'ರಾಜಾವಳಿ ಕಥೆ'ಯಲ್ಲಿ ಇದು ಬರುತ್ತದೆ. ಇತಿಹಾಸ ಎಷ್ಟು, ಐತಿಹ್ಯ ಎಷ್ಟು ಎಂಬ ಚರ್ಚೆ ನನಗೆ ಬೇಡ. ವ್ರತಕ್ಕಿಂತ ಮೊದಲು ಚಿಕಿತ್ಸೆ ಎಂದು ಒಬ್ಬ ಜೈನ ಗುರು ಹೇಳಿದ ಕತೆಯನ್ನು ನಮ್ಮ ಹಿರಿಯರು ಸಂಕೋಚಪಡದೆ ಕಾಪಾಡಿಕೊಂಡು ಬಂದರಲ್ಲ, ನನಗೆ ಅದು ಮುಖ್ಯ.

ಇದೇ ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಲ್ಲೇಖನ ಯಾವಾಗ ಎಂಬುದೂ ಇದೆ: ಉಪಸರ್ಗ (ಒದಗಿಬಂದ ವಿಪತ್ತು), ಬರಗಾಲ, ಮುಪ್ಪು, ರೋಗ, ಅದೂ ಪರಿಹಾರವೇ ಇಲ್ಲದ ಸ್ಥಿತಿಯಲ್ಲಿ. ಅಕ್ಕನ ಬಿಪಿಗೆ ಪರಿಹಾರ ಇದೆ. ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ. ಶ್ರಾವಕರು ಮಾಡಬೇಕಾದ ವೈಯಾವೃತ್ಯವನ್ನು, ಅಂದರೆ ಸೇವೆಯನ್ನು, ಹೇಳುವಾಗ ಆ ಗ್ರಂಥ ಆಹಾರದ ಜೊತೆಗೇ ಔಷಧವನ್ನೂ ಹೇಳುತ್ತದೆ. ಧರ್ಮಸ್ಥಳದ ಚತುರ್ದಾನದಲ್ಲೂ ಅನ್ನದ ಪಕ್ಕದಲ್ಲಿ ಔಷಧ ಇದೆ. ಪರ್ವದಲ್ಲಿ ಉತ್ತಮ ತ್ಯಾಗದ ದಿನ ನಾವು ಇದನ್ನೇ ಓದುತ್ತೇವೆ. ಇನ್ನೊಬ್ಬರಿಗೆ ಕೊಟ್ಟರೆ ಪುಣ್ಯವಾಗುವ ಮದ್ದು ನನ್ನ ಬಾಯಿಗೆ ಬಂದಾಗ ಮಾತ್ರ ಮೋಹವಾಗುವುದು ಹೇಗೆ?

ಪರಿಗ್ರಹ ಎಂದರೆ ವಸ್ತುವಲ್ಲ, ಅದರ ಮೇಲಿನ ಮೂರ್ಛೆ, ಅಂದರೆ ಮೋಹ, ಎಂದು 'ತತ್ತ್ವಾರ್ಥಸೂತ್ರ' ಹೇಳುತ್ತದೆ. ಅಕ್ಕನಿಗೆ ಅದನ್ನು ನೆನಪಿಸಿ, ಮಾತ್ರೆಯಲ್ಲಿ ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮೊಮ್ಮಗಳ ಬಳೆಗೆಂದು ಬಂಗಾರದ ಅಂಗಡಿಯ ತಿಂಗಳ ಸ್ಕೀಮಿಗೆ. ಪ್ರೀತಿಯ ಖರ್ಚು, ಸರಿ. ಆದರೆ ಅದು ತ್ಯಾಗವಲ್ಲ. ಪರಿಗ್ರಹ ಪರಿಮಾಣ ಮಾಡಬೇಕೆಂದರೆ ಬಂಗಾರಕ್ಕೆ, ಸೀರೆಗೆ, ಸ್ಟೀಲ್ ಪಾತ್ರೆಗೆ ಮಿತಿ ಹಾಕಬಹುದು. ನನ್ನ ಲೆಕ್ಕದ ಪುಸ್ತಕದಲ್ಲಿ ತಿಂಗಳ ಮೊದಲ ಸಾಲು ಮದ್ದು, ಎರಡನೆಯದು ಅಕ್ಕಿ. ಉಳಿದದ್ದನ್ನೆಲ್ಲ ಕಡಿಮೆ ಮಾಡುವುದಕ್ಕೆ ನನಗೆ ಸಂತೋಷವೇ.

ಬಡತನವನ್ನು ತಪಸ್ಸು ಎಂದು ಕರೆದುಕೊಳ್ಳುವ ಮೊದಲು ಸುಲಭದ ದಾರಿಗಳನ್ನಾದರೂ ನೋಡಬೇಕು. 2008ರಲ್ಲಿ ಶುರುವಾದ ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಬ್ರಾಂಡಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಡಾಕ್ಟರರನ್ನು ಕೇಳಿದರೆ ಆಯಿತು. ಅಕ್ಕನ ಶುಗರ್ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಎಸ್‌ಆರ್ ಎಂದಿತ್ತು. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆ. ಡಾಕ್ಟರರನ್ನು ಕೇಳದೆ ಮುರಿಯಬಾರದು. ಉಪವಾಸದ ವಿಷಯವೂ ಹಾಗೆಯೇ. ಕೆಲವು ಶುಗರ್ ಮಾತ್ರೆ ಹೊಟ್ಟೆ ಖಾಲಿ ಇಟ್ಟು ನುಂಗಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ಪರ್ವಕ್ಕೆ ಮೊದಲೇ ಒಮ್ಮೆ ಡಾಕ್ಟರರ ಹತ್ತಿರ ಹೋಗಿ, ಉಪವಾಸವೋ ಒಂದೇ ಹೊತ್ತಿನ ಊಟದ ಏಕಾಶನವೋ ಎಂದು ಅಲ್ಲಿ ಮಾತಾಡಿಯೇ ನಿಯಮ ತೆಗೆದುಕೊಳ್ಳುವುದು ಲೇಸು. ನನ್ನ ಕೊಲೆಸ್ಟರಾಲ್ ಮಾತ್ರೆ ಅಟೋರ್ವಾಸ್ಟಾಟಿನ್. ಅದನ್ನು ಯಾವ ಹೊತ್ತಿಗೂ ತೆಗೆದುಕೊಳ್ಳಬಹುದು ಎಂದರು, ಸಂಜೆ ಆರರ ಊಟದ ಜೊತೆಗೇ ಮುಗಿಸುತ್ತೇನೆ.

ಕ್ಯಾಪ್ಸೂಲಿನದು ಮಾತ್ರ ಕಷ್ಟ. ಹೆಚ್ಚಿನವುಗಳ ಹೊದಿಕೆ ಜೆಲಾಟಿನ್, ಅಂದರೆ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದದ್ದು. ಈ ಸಂಕಟ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಜೇನು ಬಿಟ್ಟು 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನೇ ಬರೆದರು. ಚಿಕಿತ್ಸೆ ಬೇಡ ಎನ್ನಲಿಲ್ಲ, ಹಿಂಸೆಯಿಲ್ಲದ ಚಿಕಿತ್ಸೆ ಹುಡುಕಿದರು. ನಾನೂ ಅದೇ ಔಷಧಿ ಮಾತ್ರೆಯ ರೂಪದಲ್ಲಿ ಇದೆಯಾ ಎಂದು ಕೇಳುತ್ತೇನೆ. ಹಲವು ಸಲ ಸಿಗುತ್ತದೆ. ಸಿಗದೆ ಹೋದರೆ ನೋವಿನಿಂದಲೇ ನುಂಗಿ, ತಪ್ಪೊಪ್ಪಿಕೊಳ್ಳುವ ಪ್ರತಿಕ್ರಮಣದಲ್ಲಿ ಹೇಳಿಕೊಳ್ಳುತ್ತೇನೆ. ಮುನಿಗಳದು ಮಹಾವ್ರತ, ನನ್ನದು ಅಣುವ್ರತ. ಅಕ್ಕ ಇದನ್ನು ಒಪ್ಪುವುದಿಲ್ಲ. ಕ್ಯಾಪ್ಸೂಲ್ ಮುಟ್ಟುವುದೇ ಇಲ್ಲ ಎನ್ನುತ್ತಾಳೆ. ಆ ಹಟಕ್ಕೆ ನಾನು ತಲೆಬಾಗುತ್ತೇನೆ, ಯಾಕೆಂದರೆ ಅದರಲ್ಲಿ ಒಂದು ಜೀವದ ಲೆಕ್ಕ ಇದೆ, ದುಡ್ಡಿನದಲ್ಲ.

ಬಿಪಿ ಮಾತ್ರೆ ಈಗ ದಿನವೂ ತೆಗೆದುಕೊಳ್ಳುತ್ತಿದ್ದಾಳೆ. ಮೊನ್ನೆ ಮತ್ತೆ ಕೇಳಿದಳು: "ಐಸಿಯುವಿನಲ್ಲಿ ಹಾಕಿ ಮೆಷಿನ್ ಕೊಟ್ಟರೆ ಅದೂ ಪರಿಹಾರವೇನೇ?" ಅಲ್ಲ ಎಂದೆ. ಗುಣವಾಗುವ ಆಸೆ ಮುಗಿದ ಮೇಲೆ ಉಸಿರನ್ನು ಮಾತ್ರ ಎಳೆಯುವುದು ಬೇಡ ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ. ಅಂಥ ಇಚ್ಛೆಯನ್ನು ಬರೆದಿಡಲು 2018ರ ಸುಪ್ರೀಂ ಕೋರ್ಟ್ ತೀರ್ಪು ಅವಕಾಶ ಕೊಟ್ಟಿದೆ. "ಹಾಗಾದರೆ ನನ್ನದನ್ನೂ ಬರೆದುಕೊಡು" ಎಂದಳು ಅಕ್ಕ. ಪರ್ವ ಮುಗಿದ ಮೇಲೆ ಇಬ್ಬರೂ ಕೂತು ಬರೆಯುವವರಿದ್ದೇವೆ.