ಕೆಲವರಿಂದ ಹಲವರ ನಾದ

ಸತ್ಯವೆಂಬದು ನಾಲಿಗೆಯ ಧರ್ಮವೆಂದು ನಾವೆಲ್ಲರೂ ಬಾಲ್ಯದಿಂದ ಕಲಿತು ಬಂದಿರುತ್ತೇವೆ. ಆಡಿದ ಮಾತು ಇದ್ದುದಕ್ಕೆ ಒಪ್ಪಿದರೆ ಸತ್ಯ, ಒಪ್ಪದಿದ್ದರೆ ಅಸತ್ಯ. ಆದರೆ ಮಾತೇ ಇಲ್ಲದ ಬರಿಯ ನಾದದಲ್ಲಿ ಸತ್ಯಾಸತ್ಯಗಳ ವಿಚಾರಕ್ಕೆ ಎಡೆಯುಂಟೋ? ಉಂಟೆಂದು ನಮಗೆ ತೋರುತ್ತದೆ. ಅದನ್ನು ವಾಚಕರ ಮುಂದಿಟ್ಟು ಪರೀಕ್ಷಿಸುವದೇ ಈ ಲೇಖನದ ಉದ್ದೇಶವು.

ವಿಷಯವಿಂತಿದೆ. ಪಾಶ್ಚಾತ್ಯರ ಮಹಾವಾದ್ಯವೃಂದದಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯಗಳದೇ ಒಂದು ಪಂಗಡವಿರುತ್ತದೆ. ಪೂರ್ಣ ಪಂಗಡವೆಂದರೆ ಮೊದಲ ಪಿಟೀಲುಗಳು 16, ಎರಡನೆಯವು 14, ವಿಯೋಲಾ 12, ಚೆಲ್ಲೋ 10, ಡಬಲ್ ಬಾಸ್ 8, ಹೀಗೆ ಸುಮಾರು 60 ಜನರು. ಕನ್ನಡ ಚಲನಚಿತ್ರಗಳ ಹಾಡುಗಳು ಹೆಚ್ಚಾಗಿ ಮದರಾಸಿನಲ್ಲಿ ಮುದ್ರಿತವಾಗುತ್ತಿದ್ದ ಕಾಲದಲ್ಲಿ, ಅಷ್ಟು ಜನರಿಲ್ಲದಿದ್ದರೂ, ಪಿಟೀಲುಗಾರರ ಸಾಲೇ ಒಂದು ಕೋಣೆಯಲ್ಲಿ ಕುಳಿತು ಏಕಕಾಲಕ್ಕೆ ನುಡಿಸುತ್ತಿತ್ತು. ಈಗ ಬಳಕೆಯಲ್ಲಿರುವ ಇನ್ನೊಂದು ಪದ್ಧತಿಯಲ್ಲಿ ನಾಲ್ವರನ್ನು ಕರೆತಂದು, ಒಂದೇ ಸ್ವರಪಂಕ್ತಿಯನ್ನು ಆರು ಸಲ ನುಡಿಸಲು ಹಚ್ಚಿ, ಆರು ಮುದ್ರಿಕೆಗಳನ್ನು ಒಂದರ ಮೇಲೊಂದು ಕೂಡಿಸುತ್ತಾರೆ. ಕೇಳುವವನ ಕಿವಿಗೆ 24 ಪಿಟೀಲುಗಳ ನಾದವು ಬೀಳುತ್ತದೆ. ಇಲ್ಲದ ಇಪ್ಪತ್ತು ಜನರನ್ನು ಇದ್ದಾರೆಂದು ನಂಬಿಸುವದು ವಂಚನೆಯಲ್ಲವೆ? ಇದು ಪೂರ್ವಪಕ್ಷವು.

ಇದಕ್ಕೆ ಸಮಾಧಾನ ಹೇಳುವ ಮೊದಲು 'ಹಲವು' ಎಂಬದು ಕಿವಿಗೆ ಹೇಗೆ ತಿಳಿಯುತ್ತದೆಂಬದನ್ನು ನೋಡಬೇಕು. ಒಂದೇ ಮುದ್ರಿಕೆಯ ಇಪ್ಪತ್ತು ಪ್ರತಿಗಳನ್ನು ಯಂತ್ರದಿಂದ ತೆಗೆದು ಕೂಡಿಸಿದರೆ ಇಪ್ಪತ್ತು ಪಿಟೀಲುಗಳಾಗುವದಿಲ್ಲ; ಒಂದೇ ಪಿಟೀಲು ಗಟ್ಟಿಯಾಗಿ ಕೇಳುತ್ತದೆ, ಅಷ್ಟೆ. ಇಬ್ಬರು ಬೇರೆ ಬೇರೆ ನುಡಿಸಿದಾಗಲಾದರೋ, ಒಬ್ಬನ ಸ್ವರವು ಸೆಕೆಂಡಿಗೆ 440 ಕಂಪನಗಳದಾದರೆ ಮತ್ತೊಬ್ಬನದು 441 ಆಗಬಹುದು. ಆಗ ಸೆಕೆಂಡಿಗೊಮ್ಮೆ ನಾದವು ಉಬ್ಬಿ ತಗ್ಗುವದು. ಒಬ್ಬನ ಕಮಾನು ಕೂದಲೆಳೆಯಷ್ಟು ಮೊದಲು ತಾಗುತ್ತದೆ, ಇನ್ನೊಬ್ಬನದು ತುಸು ತಡವಾಗಿ. ಒಬ್ಬನ ಬೆರಳಿನ ಕಂಪವು ಶೀಘ್ರ, ಇನ್ನೊಬ್ಬನದು ಮಂದ. ಈ ಅಲ್ಪಭೇದಗಳ ಸಮೂಹವನ್ನೇ ಕಿವಿಯು 'ಹಲವರು' ಎಂದು ಗ್ರಹಿಸುತ್ತದೆ. ಆದುದರಿಂದಲೇ ಬಲ್ಲ ಮುದ್ರಣಕಾರರು ಪ್ರತಿಸಲವೂ ವಾದಕರ ಸ್ಥಾನಗಳನ್ನು ಬದಲಿಸುತ್ತಾರೆ. ವಾದ್ಯಗಳನ್ನು ಅದಲುಬದಲು ಮಾಡುತ್ತಾರೆ. ಮೈಕನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಇಡುತ್ತಾರೆ. ಬಹುತ್ವಕ್ಕೆ ಮೂಲವು ಭೇದವೆಂದೂ, ಆ ಭೇದವನ್ನು ಪ್ರತಿಸಲವೂ ನಿಜವಾದ ಕೈಯೇ ದುಡಿದು ತರಬೇಕೆಂದೂ ಇದರಿಂದ ಸಿದ್ಧವಾಯಿತು. ನಾಲ್ವರೂ ಆರಾರು ಸಲ ಕಮಾನು ಎಳೆದದ್ದು ನಿಜವಾದ ಬಳಿಕ, ಅದರಿಂದ ಹುಟ್ಟಿದ ನಾದವು ಸುಳ್ಳೆನ್ನಲು ಆಧಾರವೇನು?

ಒಂದು ಹಲವಾಗುವದು ನಮ್ಮ ಸೀಮೆಯವರಿಗೆ ಹೊಸತೂ ಅಲ್ಲ. ವಿಜಯಪುರದ ಗೋಳಗುಮ್ಮಟವನ್ನು ನೋಡದವರು ಸಿಂದಗಿ, ಇಂಡಿ ತಾಲೂಕುಗಳಲ್ಲಿ ವಿರಳ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಆ ಸಮಾಧಿಯ ಮೇಲೆ, ಸುಮಾರು 44 ಮೀಟರು ವ್ಯಾಸದ ಗುಮ್ಮಟದೊಳಗೆ, ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರಳಿ ಬರುತ್ತದೆ. ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಶಬ್ದದಿಂದ ಶಬ್ದವು ಹುಟ್ಟುವದೆಂದು ನೈಯಾಯಿಕರು ಹೇಳುವ ವೀಚೀತರಂಗನ್ಯಾಯವನ್ನು ಅಲ್ಲಿ ಕಿವಿಯಿಂದಲೇ ಓದಬಹುದು. ತಂಬೂರಿಯ ಮಾತೂ ಹಾಗೆಯೇ. ಮಹಮ್ಮದನ ತಂದೆಯಾದ ಎರಡನೆಯ ಇಬ್ರಾಹಿಮನು ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟು ಮುದ್ದಿಸಿದನು. ನೆರೆಯ ಮಿರಜಿನಲ್ಲಿ ಇಂದಿಗೂ ತಂಬೂರಿಗಳಾಗುತ್ತವೆ. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅದರ ನಾಲ್ಕು ತಂತಿಗಳಲ್ಲಿ ಗಾಂಧಾರಕ್ಕೆ ಕೂಡಿಸಿದ ತಂತಿ ಯಾವದೂ ಇರುವದಿಲ್ಲ. ಆದರೂ ಜವಾರಿ ಚೆನ್ನಾಗಿ ಕೂಡಿತೆಂದರೆ ಖರ್ಜದ ತಂತಿಯೊಳಗಿಂದ ಗಾಂಧಾರವು ತಾನಾಗಿಯೇ ಎದ್ದು ಕೇಳುತ್ತದೆ. ಮೀಟದ ಸ್ವರವನ್ನು ಕೇಳಿಸಿತೆಂದು ತಂಬೂರಿಯನ್ನು ಯಾರಾದರೂ ಸುಳ್ಳುಗಾತಿಯೆಂದು ಜರಿದರೇನು?

ಪ್ರತಿಧ್ವನಿಯೂ ತಂಬೂರಿಯೂ ಜಡಗಳು, ಮುದ್ರಣವು ಮನುಷ್ಯನು ಬುದ್ಧಿಪೂರ್ವಕ ಮಾಡುವ ಕೃತ್ಯ, ಎಂದು ಆಕ್ಷೇಪಿಸಬಹುದು. ಅದಕ್ಕೆ ಆಲಂಕಾರಿಕರಲ್ಲಿ ಉತ್ತರವುಂಟು. ನಟನನ್ನು ನೋಡಿ ಪ್ರೇಕ್ಷಕನು 'ಇವನು ರಾಮ' ಎಂದು ತಿಳಿಯುವ ಜ್ಞಾನವು ಎಂಥದು? ಶ್ರೀಶಂಕುಕನು ಇದಕ್ಕೆ ಚಿತ್ರತುರಗನ್ಯಾಯವನ್ನು ಹೇಳಿದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ನಾವು 'ಇದು ಕುದುರೆ' ಎನ್ನುತ್ತೇವೆ. ಆ ಜ್ಞಾನವು ಯಥಾರ್ಥವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಕಲೆಗೇ ಮೀಸಲಾದ ಬೇರೊಂದು ಬಗೆಯದು. ಕೂಡಿಸಿದ ಮುದ್ರಿಕೆಯಲ್ಲಿ ಕೇಳುವ 24 ಪಿಟೀಲುಗಳೂ ಅಂಥ ಚಿತ್ರತುರಗವೇ. ಆದರೆ ಗೋಡೆಯ ಕುದುರೆಯನ್ನು ತೋರಿಸಿ ದನದ ಸಂತೆಯಲ್ಲಿ ಮುಂಗಡ ಹಣ ಪಡೆದರೆ, ಅಲ್ಲಿಗೆ ಕಲೆ ಮುಗಿದು ಮೋಸವು ಆರಂಭವಾಯಿತು.

ಆದುದರಿಂದ ದೋಷವನ್ನು ನಾದದಲ್ಲಿ ಹುಡುಕದೆ, ಅದಕ್ಕೆ ಹಚ್ಚುವ ಹೆಸರಿನಲ್ಲಿಯೂ ಅದರ ಲೆಕ್ಕದಲ್ಲಿಯೂ ಹುಡುಕತಕ್ಕದ್ದು. ಧರ್ಮರಾಜನು ಅಶ್ವತ್ಥಾಮನು ಸತ್ತನೆಂದದ್ದು ಅಕ್ಷರಶಃ ಸುಳ್ಳಲ್ಲ. ಆ ಹೆಸರಿನ ಆನೆ ಸತ್ತಿತ್ತು. ದ್ರೋಣನು ತಪ್ಪು ತಿಳಿಯಲೆಂಬ ಇಚ್ಛೆಯಿಂದ ಆಡಿದ್ದರಿಂದಲೇ ನೆಲ ಮುಟ್ಟದಿದ್ದ ಅವನ ರಥವು ನೆಲಕ್ಕಿಳಿಯಿತು. ಇದಕ್ಕೆ ವಿಪರೀತವಾದ ಉದಾಹರಣೆಯೂ ಇದೆ. 1946ರಲ್ಲಿ ಯಾಶಾ ಹೈಫೆಟ್ಸನೆಂಬ ಸುಪ್ರಸಿದ್ಧ ಪಿಟೀಲುಗಾರನು, ಬಾಖನು ಇಬ್ಬರು ವಾದಕರಿಗಾಗಿ ರಚಿಸಿದ ಕೃತಿಯ ಎರಡೂ ಭಾಗಗಳನ್ನು ತಾನೊಬ್ಬನೇ ನುಡಿಸಿ ಮುದ್ರಿಸಿದನು. 1948ರಲ್ಲಿ ಅಮೇರಿಕೆಯ ಲೆಸ್ ಪಾಲನು ಎಂಟು ಗಿಟಾರುಗಳ ಪಾತ್ರವನ್ನು ಒಬ್ಬನೇ ವಹಿಸಿದನು. ಒಬ್ಬನೇ ನುಡಿಸಿದ ಸಂಗತಿಯನ್ನು ಇಬ್ಬರೂ ಬಚ್ಚಿಡಲಿಲ್ಲ. ಅದನ್ನರಿತೇ ಜನರು ಕೇಳಿ ಬೆರಗಾದರು. ಅಲ್ಲಿ ವಂಚನೆಯ ಲೇಶವೂ ಇಲ್ಲ.

ಇನ್ನು ಲೆಕ್ಕದ ವಿಚಾರ. ಆರು ಸಲ ನುಡಿಸಿದವನಿಗೆ ಒಂದು ಸಲದ ಸಂಭಾವನೆ ಕೊಟ್ಟು ಕಳಿಸಿದರೆ, ನಾದವೆಷ್ಟೇ ಮಧುರವಾಗಿದ್ದರೂ ಅದು ಅಸ್ತೇಯವ್ರತದ ಭಂಗವೇ ಸರಿ. ಯಂತ್ರವು ಇನ್ನೂ ಮುಂದೆ ಹೋಗಿದೆ. 1963ರಲ್ಲಿ ಇಂಗ್ಲಂಡದ ಬರ್ಮಿಂಗ್‌ಹ್ಯಾಮಿನಲ್ಲಿ ಹೊರಬಂದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ, ಒಂದೊಂದು ಮನೆಯನ್ನು ಒತ್ತಿದಾಗಲೂ ಮೊದಲೇ ಮುದ್ರಿಸಿಟ್ಟ ಪಿಟೀಲುಗಳ ಸ್ವರವು ಸುಮಾರು 8 ಸೆಕೆಂಡು ಹೊರಡುತ್ತಿತ್ತು. ಅಲ್ಲಿಯ ವಾದಕರ ಸಂಘವು ಅದನ್ನು ವಿರೋಧಿಸಿತು. ಮುಂದೆ ಗಣಕಯಂತ್ರಗಳು ಬಂದು, 1990ರ ದಶಕದಿಂದೀಚೆಗೆ ಮುಂಬಯಿ ಮದರಾಸುಗಳ ಚಿತ್ರಸಂಗೀತದ ದೊಡ್ಡ ವೃಂದಗಳು ಕರಗತೊಡಗಿದವು. ಒಬ್ಬನ ಕೈಯ ಒಂದು ದಿನದ ದುಡಿಮೆಯನ್ನು ಹೀಗೆ ಶಾಶ್ವತವಾಗಿ ಬಳಸಿಕೊಂಡು, ಅವನ ಹೆಸರನ್ನೂ ಹೇಳದೆ ಇರುವದು ನ್ಯಾಯವೋ ಎಂಬದನ್ನು ಸುಜ್ಞರೇ ವಿಚಾರಿಸಲಿ.

ಆದರೂ ಈ ಉಪಾಯವನ್ನು ಸರ್ವಥಾ ನಿಂದಿಸಲು ನಮ್ಮ ಮನವೊಪ್ಪದು. ಹಣವುಳ್ಳವನು 60 ಜನರನ್ನು ಕೂಡಿಸಬಲ್ಲನು. ಹಳ್ಳಿಯ ಭಜನೀ ಮೇಳದ ಹುಡುಗರು ನಾಲ್ವರನ್ನು ಮಾತ್ರ ಕರೆತರಬಲ್ಲರು. ಅವರ ಪದಕ್ಕೂ ತುಂಬಿದ ನಾದವು ದೊರೆಯುವದಾದರೆ ಅದು ಬಡವನಿಗೊದಗಿದ ಉಪಕಾರವಲ್ಲವೆ?

ಆದರೆ ಎಷ್ಟು ಸಲ ಕೂಡಿಸಿದರೂ ಬಾರದ ವಸ್ತುವೊಂದಿದೆ. ಡೊಳ್ಳಿನ ಪದದಲ್ಲಿ ಮುಂದಿನವನು ದನಿಯೆತ್ತಿದರೆ ಹಿಮ್ಮೇಳದವರು ಅವನನ್ನು ಕೇಳಿ ಎತ್ತಿಕೊಳ್ಳುತ್ತಾರೆ. ಹಿಮ್ಮೇಳದ ಹುರುಪನ್ನು ಕೇಳಿ ಅವನೂ ಮತ್ತಷ್ಟು ಏರಿಸುತ್ತಾನೆ. ಕೇಳುವಿಕೆಯು ಎರಡೂ ಕಡೆಗೆ ಹರಿಯುತ್ತದೆ. ಮುದ್ರಿಕೆಯ ಮೇಲೆ ಮುದ್ರಿಕೆಯನ್ನು ಕೂಡಿಸುವಲ್ಲಿ ಹಿಂದಿನಿಂದ ನುಡಿಸುವವನು ಮೊದಲಿನದನ್ನು ಕೇಳುತ್ತಾನೆ. ಮೊದಲು ನುಡಿಸಿದವನು ಹಿಂದಿನಿಂದ ಬರುವದನ್ನು ಕೇಳಲಾರನು. ಎರಡನೆಯ ಸಲದ ಹೈಫೆಟ್ಸನು ಮೊದಲಿನ ಹೈಫೆಟ್ಸನಿಗೆ ಕಿವಿಗೊಟ್ಟನು. ಮೊದಲಿನವನಿಗೆ ಎರಡನೆಯವನ ನುಡಿಯು ಕೇಳುವಂತಿರಲಿಲ್ಲ. ಸಂಖ್ಯೆಯನ್ನು ಯುಕ್ತಿಯಿಂದ ತರಬಹುದು, ಭೇದವನ್ನು ದುಡಿಮೆಯಿಂದ ತರಬಹುದು. ಪರಸ್ಪರ ಕೇಳುವಿಕೆಗೆ ಮಾತ್ರ ಜನರು ಒಂದೆಡೆ ಕುಳಿತುಕೊಳ್ಳಬೇಕಾಗುತ್ತದೆ.

ಹೀಗಿರಲು ನಮ್ಮ ಸಿದ್ಧಾಂತವಿಷ್ಟೇ: ಕೆಲವರಿಂದ ಹಲವರ ನಾದವನ್ನು ಹುಟ್ಟಿಸುವದು ಅಧರ್ಮವಲ್ಲ. ನುಡಿಸಿದವರೆಷ್ಟು ಜನರೆಂಬದನ್ನು ಮುಚ್ಚದೆ ಹೇಳಬೇಕು. ಎಷ್ಟು ಸಲ ನುಡಿಸಿದರೋ ಅಷ್ಟರ ಫಲವನ್ನು ಅವರಿಗೆ ಸಲ್ಲಿಸಬೇಕು. ಮತ್ತು ನಾಲ್ವರಿಂದ ಕೆಲಸವು ಸಾಗಿತೆಂಬ ಕಾರಣಕ್ಕೆ, ಕೂಡಿಸಲು ಶಕ್ತಿಯಿದ್ದವರು ಐದನೆಯವನಿಗೆ ಬಾಗಿಲು ಮುಚ್ಚಬಾರದು.